ಮೂಳೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆ, ಚಿಕಿತ್ಸೆ ಬೇಕೇ?

ಪ್ರಶ್ನೆ: ಮಗನಿಗೆ 17 ವರ್ಷ. ಮೊಣಕಾಲಿನ ಮೇಲೆ ಬಾವು ಬಂದಿತ್ತು. ವಾಲಿಬಾಲ್ ಆಡುವಾಗ ಉಳುಕಿರಬೇಕೆಂದು ಎಣ್ಣೆ ಹಾಕಿ ತಿಕ್ಕಿಸಿದೆವು. ಈಗ ಬಯಾಪ್ಸಿಯಲ್ಲಿ ಆಸ್ಟಿಯೋಸಾರ್ಕೋಮಾ (ಮೂಳೆಯ ಕ್ಯಾನ್ಸರ್) ಎಂದಿದೆ. ಶ್ವಾಸಕೋಶದಲ್ಲೂ ಮೂರು ಗಂಟುಗಳಿವೆಯಂತೆ. ‘ಕೊನೇ ಹಂತ, ಸುಮ್ಮನೆ ಹಿಂಸೆ ಕೊಡಬೇಡಿ’ ಅಂತಾರೆ ನೆಂಟರು. ಏನು ಮಾಡಲಿ ಡಾಕ್ಟ್ರೇ?
– ಒಬ್ಬ ತಾಯಿ, ಕಾಪು

ಉತ್ತರ: ಚಿಕಿತ್ಸೆ ಬಿಡಬೇಡಿ ಅಮ್ಮ. ತಿಕ್ಕಿದ್ದರಿಂದ ಈ ಕಾಯಿಲೆ ಬಂದದ್ದಲ್ಲ, ಆ ಕೊರಗು ಬೇಡ. ಆದರೆ ಇನ್ನು ಆ ಕಾಲಿಗೆ ಯಾರೂ ತಿಕ್ಕುವುದು, ಕಟ್ಟುವುದು ಮಾಡಬಾರದು. ಅಲ್ಲಿ ಮೂಳೆ ಸುಲಭವಾಗಿ ಮುರಿಯುತ್ತದೆ.

ಶ್ವಾಸಕೋಶದಲ್ಲಿರುವುದು ಎರಡನೇ ಕ್ಯಾನ್ಸರ್ ಅಲ್ಲ, ರಕ್ತದ ಮೂಲಕ ಹೋಗಿ ಕೂತ ಅದೇ ಮೂಳೆಯ ಕ್ಯಾನ್ಸರ್. ಸಾಮಾನ್ಯವಾಗಿ ಮೊದಲು ಎರಡು-ಮೂರು ತಿಂಗಳು ಕೀಮೋ ಕೊಡುತ್ತಾರೆ. ಆಮೇಲೆ ಕಾಲಿನ ಗಡ್ಡೆ ತೆಗೆಯುತ್ತಾರೆ. ಈಗ ಹೆಚ್ಚಿನವರಲ್ಲಿ ಕಾಲು ಉಳಿಯುತ್ತದೆ.

ಶ್ವಾಸಕೋಶದ ಗಂಟುಗಳನ್ನೂ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ನಿಮ್ಮ ನೆಂಟರಿಗೆ ಗೊತ್ತಿಲ್ಲದಿರುವುದು ಇದೇ. ಎದೆ ತೆರೆದಾಗ ಸರ್ಜನ್ ಶ್ವಾಸಕೋಶವನ್ನು ಬೆರಳಿನಿಂದ ಒತ್ತಿ ಹುಡುಕುತ್ತಾರೆ, ಸ್ಕ್ಯಾನ್‌ನಲ್ಲಿ ಕಾಣದ ಸಣ್ಣ ಗಂಟುಗಳು ಹೀಗೆ ಸಿಗುವುದುಂಟು. ಎರಡೂ ಬದಿಯಲ್ಲಿದ್ದರೆ ಕೆಲವು ವಾರ ಬಿಟ್ಟು ಎರಡು ಸಲ ಮಾಡುವುದೂ ಇದೆ. ನಮ್ಮಲ್ಲಿ ಹಳೆಯ ಟಿಬಿಯ ಕಲೆಯೂ ಗಂಟಿನಂತೆ ಕಾಣುವುದರಿಂದ, ತೆಗೆದದ್ದನ್ನೆಲ್ಲ ಪರೀಕ್ಷೆಗೆ ಕಳಿಸುತ್ತಾರೆ. ರೇಡಿಯೇಷನ್‌ಗೆ ಈ ಕ್ಯಾನ್ಸರ್ ಅಷ್ಟಾಗಿ ಬಗ್ಗುವುದಿಲ್ಲ.

ಸುಳ್ಳು ಭರವಸೆ ಕೊಡಲಾರೆ. ಪತ್ತೆಯಾಗುವಾಗಲೇ ಹರಡಿದ್ದರೆ, 5 ವರ್ಷ ದಾಟುವವರು ನೂರರಲ್ಲಿ ಸುಮಾರು 20ರಿಂದ 30 ಮಂದಿ. ಗಂಟುಗಳು ಕಡಿಮೆಯಿದ್ದು, ಒಂದೂ ಬಿಡದೆ ತೆಗೆಯಲಾದವರ ಪಾಡು ಇದಕ್ಕಿಂತ ಒಳ್ಳೆಯದು. ಹಾಗಾಗಿ ನಿಮ್ಮ ಡಾಕ್ಟರರಲ್ಲಿ ‘ಎಲ್ಲ ಗಂಟುಗಳನ್ನೂ ತೆಗೆಯಲಾಗುತ್ತದೆಯೇ?’ ಎಂದೇ ಕೇಳಿ. ಎದೆಯ ಶಸ್ತ್ರಚಿಕಿತ್ಸಕರಿಗೆ ಸ್ಕ್ಯಾನ್ ತೋರಿಸದೆಯೇ ಯಾರಾದರೂ ‘ಆಗದು’ ಎಂದರೆ ಒಪ್ಪಬೇಡಿ, ಇನ್ನೊಂದು ಅಭಿಪ್ರಾಯ ಪಡೆಯಿರಿ. ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ವಿಭಾಗಗಳಿವೆ.

ಕೀಮೋಗೆ ಮೊದಲು ಹೃದಯದ ಎಕೋ, ಕಿವಿಯ ಪರೀಕ್ಷೆ ಆಗಲಿ. ಕೀಮೋದಿಂದ ಮುಂದೆ ಮಕ್ಕಳಾಗಲು ತೊಂದರೆಯಾಗಬಹುದು, ವೀರ್ಯ ಶೇಖರಿಸಿಡುವ ವಿಚಾರವನ್ನೂ ಈಗಲೇ ಮಾತಾಡಿ. ಸಂಕೋಚದಿಂದ ಬಿಟ್ಟವರು ಬಹಳ. ಕೀಮೋ ನಡುವೆ ಜ್ವರ 100.4 ಡಿಗ್ರಿ ದಾಟಿದರೆ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಉಡುಪಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ರೆಫರಲ್ ಪತ್ರ ಮಾಡಿಸಿಕೊಳ್ಳಿ. ಮುಂದಿನ ಸಲ ಡಾಕ್ಟರರ ಎದುರು ಮಗನನ್ನೂ ಕೂರಿಸಿಕೊಳ್ಳಿ, ಅವನ ಪ್ರಶ್ನೆಗಳನ್ನು ಅವನೇ ಕೇಳಲಿ.