ಕಾರಿನ ಕಟ್ಟೆ: ರೋಲ್ ಬಾರ್ ಮೊದಲೋ, ಹಾರ್ನೆಸ್ ಮೊದಲೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಟ್ರ್ಯಾಕ್ ಡೇಗೆ ಒಯ್ಯುವ ಕಾರಿಗೆ ರೋಲ್ ಬಾರ್ ಮತ್ತು ಹಾರ್ನೆಸ್ ಹಾಕಿಸುವುದು ಹೇಗೆ ಅಂತ. ಟ್ರ್ಯಾಕ್ ಡೇ ಅಂದರೆ ನಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ರೋಲ್ ಬಾರ್ ಅಂದರೆ ಕಾರು ಪಲ್ಟಿಯಾದಾಗ ತಲೆ ಕಾಯುವ, ಸೀಟಿನ ಹಿಂದಿನ ಉಕ್ಕಿನ ಪೈಪಿನ ಚೌಕಟ್ಟು. ಹಾರ್ನೆಸ್ ಅಂದರೆ ಎರಡೂ ಹೆಗಲನ್ನು ಹಿಡಿಯುವ ರೇಸಿನ ಬೆಲ್ಟ್. ನಮ್ಮ ಭಾಗದ ಹುಡುಗರು ಈಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಗೆ ಹೋಗಿ ಕಾರು ಓಡಿಸಿ ಬರುತ್ತಿದ್ದಾರೆ. ನನಗೆ ಅದು ಖುಷಿಯ ವಿಷಯ. ವೇಗದ ಆಸೆ ಇದ್ದವರು ಹೈವೇ ಬಿಟ್ಟು ಟ್ರ್ಯಾಕಿಗೆ ಹೋಗಲಿ ಅಂತಲೇ ನಾನು ಯಾವಾಗಲೂ ಹೇಳುವುದು. ಅದಕ್ಕೇ ಈ ಕಂತು ಪೂರ್ತಿ ಇದಕ್ಕೆ ಮೀಸಲು.

ಎರಡು ಸೀಟಿನ ಓಪನ್ ಸ್ಪೋರ್ಟ್ಸ್ ಕಾರು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಕೊಯಮತ್ತೂರಿಗೆ ಟ್ರ್ಯಾಕ್ ಡೇಗೆ ಹೋಗುವ ಆಸೆ. ಆನ್‌ಲೈನ್‌ನಲ್ಲಿ ನಾಲ್ಕು ಪಾಯಿಂಟಿನ ಹಾರ್ನೆಸ್ ನೋಡಿಟ್ಟಿದ್ದೇನೆ, ಬೆಲೆ ಕಡಿಮೆ ಇದೆ. ಸದ್ಯ ಅದನ್ನು ಹಾಕಿಸಿ, ರೋಲ್ ಬಾರ್ ಮುಂದಿನ ವರ್ಷ ಮಾಡಿಸಿದರೆ ಆಗುತ್ತಾ?
— ತಿಲಕವಾಡಿ, ಬೆಳಗಾವಿ

ಆಗಲ್ಲ. ಉಲ್ಟಾ ಮಾಡಿ. ಬಾರ್ ಮೊದಲು, ಹಾರ್ನೆಸ್ ಆಮೇಲೆ.

ಕಾರಣ ಹೇಳ್ತೀನಿ. ಕಂಪನಿ ಕೊಟ್ಟ ಮೂರು ಪಾಯಿಂಟಿನ, ಅಂದರೆ ಮೂರು ಕಡೆ ಹಿಡಿಯುವ ಬೆಲ್ಟ್ ಒಂದೇ ಹೆಗಲ ಮೇಲೆ ಹಾಯುತ್ತದೆ. ಕಾರು ಪಲ್ಟಿಯಾದಾಗ ಮೈ ಸ್ವಲ್ಪ ಪಕ್ಕಕ್ಕೆ ವಾಲಲು ಅದರಲ್ಲಿ ಜಾಗ ಇರುತ್ತದೆ. ಹಾರ್ನೆಸ್ ಎರಡೂ ಹೆಗಲನ್ನು ಸೀಟಿಗೆ ಕಟ್ಟಿಹಾಕುತ್ತದೆ. ಮೈ ನೆಟ್ಟಗೇ ಇರುತ್ತದೆ, ವಾಲಲು ಆಗಲ್ಲ. ನಿಮ್ಮದು ಮೇಲ್ಛಾವಣಿ ಇಲ್ಲದ ಕಾರು. ಬಾರ್ ಇಲ್ಲದೆ ಅದು ತಲೆಕೆಳಗಾದರೆ ನೆಲಕ್ಕೆ ಮೊದಲು ತಾಗುವುದು ನಿಮ್ಮ ಹೆಲ್ಮೆಟ್, ಭಾರ ಹೊರುವುದು ನಿಮ್ಮ ಕುತ್ತಿಗೆ. ಬಾರ್ ಇದ್ದು ಕಂಪನಿಯ ಬೆಲ್ಟ್ ಇದ್ದರೆ ಒಂದು ವರ್ಷ ಧಾರಾಳವಾಗಿ ಕಲಿಯಬಹುದು. ಬಾರ್ ಇಲ್ಲದ ಹಾರ್ನೆಸ್ ಮಾತ್ರ ಕಂಪನಿಯ ಬೆಲ್ಟಿಗಿಂತ ಕೆಟ್ಟದ್ದು.

ಬಾರ್ ಎಷ್ಟು ಎತ್ತರ ಇರಬೇಕು? ನಮ್ಮ ಶೆಡ್ಡಿಗೆ ಬಂದವರಿಗೆ ನಾನು ಮೊದಲು ಕೇಳುವುದೇ ಹೆಲ್ಮೆಟ್ ತಂದಿದ್ದೀರಾ ಅಂತ. ಹೆಲ್ಮೆಟ್ ಹಾಕಿ, ಸೀಟಿನಲ್ಲಿ ಬೆನ್ನು ಒರಗಿಸಿ, ಬೆಲ್ಟ್ ಬಿಗಿದು ಕೂತುಕೊಳ್ಳಿ. ಒಬ್ಬರು ಪೊರಕೆ ಕೋಲನ್ನು ಬಾರ್ ತಲೆಯ ಮೇಲಿಂದ ಮುಂದಿನ ಗಾಜಿನ ಚೌಕಟ್ಟಿನ ಮೇಲಕ್ಕೆ ನೇರ ಇಡಲಿ. ಹೆಲ್ಮೆಟ್ ಆ ಕೋಲಿಗಿಂತ ಕೆಳಗಿರಬೇಕು. ಕನಿಷ್ಠ 5 ಸೆಂ.ಮೀ. ಅಂತರ ಇರಲಿ. ನೀವು ಎತ್ತರದ ಆಳಾಗಿದ್ದರೆ ಇಲ್ಲೇ ಸಿಕ್ಕಿಬೀಳ್ತೀರಿ. ಆಗ ಬಾರ್ ಎತ್ತರಿಸುವ ಮೊದಲು ಸೀಟ್ ಇಳಿಸಲು ಆಗುತ್ತಾ ನೋಡಿ. ಬಾರ್ ಎತ್ತರಿಸಿದರೆ ಟಾಪ್ ಮುಚ್ಚದೆ ಹೋಗಬಹುದು. ಬಟ್ಟೆಯ ಟಾಪ್ ಮಡಿಚುವಾಗ ಅದರ ಕಬ್ಬಿಣದ ಕೈಗಳು ಎಲ್ಲಿ ಹಾಯುತ್ತವೆ ಅಂತ ಅಳತೆ ತೆಗೆಯುವ ಮೊದಲೇ ನಾಲ್ಕು ಸಲ ಮಡಿಚಿ, ಬಿಚ್ಚಿ ನೋಡಿ.

ಕೆಲವು ಓಪನ್ ಕಾರುಗಳಿಗೆ ಸೀಟಿನ ಹಿಂದೆ ಕಂಪನಿಯೇ ಹೂಪ್, ಅಂದರೆ ಕಮಾನಿನಂತೆ ಬಾಗಿದ ಪೈಪ್, ಕೊಟ್ಟಿರುತ್ತದೆ. ಪೋರ್ಷೆ ಬಾಕ್ಸ್‌ಸ್ಟರ್ ಅಂಥದ್ದು. ಆದರೆ ಹೆಲ್ಮೆಟ್ ಹಾಕಿದ ಮೇಲೆ ಎಲ್ಲರ ತಲೆಯೂ ಅದರ ಕೆಳಗೆ ಇರುತ್ತದೆ ಅಂತಿಲ್ಲ. ಅಲ್ಲೂ ಕೋಲು ಇಟ್ಟೇ ನೋಡಬೇಕು.

ಇನ್ನು ನಾಲ್ಕು ಪಾಯಿಂಟಿನ ಹಾರ್ನೆಸ್. ಮುಂದಿನಿಂದ ಡಿಕ್ಕಿಯಾದಾಗ ಎರಡು ಹೆಗಲ ಪಟ್ಟಿಗಳು ಸೊಂಟದ ಬೆಲ್ಟನ್ನು ಮೇಲಕ್ಕೆ ಎಳೆಯುತ್ತವೆ. ಬೆಲ್ಟ್ ಸೊಂಟದ ಎಲುಬು ಬಿಟ್ಟು ಹೊಟ್ಟೆಯ ಮೆತ್ತನೆ ಭಾಗಕ್ಕೆ ಏರುತ್ತದೆ. ಮೈ ಕೆಳಗಿನಿಂದ ಜಾರುತ್ತದೆ. ಒಳಗಿನ ಅಂಗಾಂಗಕ್ಕೆ ಪೆಟ್ಟಾಗುವುದು ಹೀಗೇ. ಇದನ್ನು ತಡೆಯುವುದೇ ತೊಡೆಗಳ ನಡುವಿನ ಪಟ್ಟಿ. ಅದಕ್ಕೆ ಆರು ಪಾಯಿಂಟಿನದ್ದನ್ನೇ ತಗೊಳ್ಳಿ. ಆ ಪಟ್ಟಿ ಹಾಯಲು ಸೀಟಿನಲ್ಲಿ ತೂತು ಬೇಕು, ಹೆಗಲ ಪಟ್ಟಿ ಜಾರದಂತೆ ಬೆನ್ನಿನ ಹತ್ತಿರವೂ ತೂತು ಬೇಕು. ಕಂಪನಿ ಸೀಟಿನಲ್ಲಿ ಎರಡೂ ಇರಲ್ಲ. ಹಾಗಾಗಿ ಹಾರ್ನೆಸ್ ಅಂದರೆ ಹಿಂದಕ್ಕೆ ಬಾಗದ ಬಕೆಟ್ ಸೀಟ್ ಕೂಡ ಬಂತು. ಹೆಗಲು ಬಿಗಿದು ಕೂತಾಗ ತಲೆ ಒಂದೇ ಮುಂದಕ್ಕೆ ಚಿಮ್ಮುವುದರಿಂದ ಹ್ಯಾನ್ಸ್ ಕೂಡ ಬೇಕು. ಹೆಲ್ಮೆಟನ್ನು ಹೆಗಲ ಮೇಲಿನ ಕಾಲರಿಗೆ ಕಟ್ಟುವ ಸಾಧನ ಅದು. 2001ರಲ್ಲಿ ಅಮೆರಿಕದ ಡೇಟೋನಾ ರೇಸಿನಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡಿದ್ದು ತಲೆಬುರುಡೆಯ ಬುಡ ಮುರಿದು. ಅದೇ ವರ್ಷ ಅಲ್ಲಿನ ಕಾರ್ ರೇಸ್ ಸಂಸ್ಥೆ ನಾಸ್ಕಾರ್ ತಲೆ-ಕುತ್ತಿಗೆ ಹಿಡಿಯುವ ಸಾಧನವನ್ನು ಕಡ್ಡಾಯ ಮಾಡಿತು. ಫಾರ್ಮುಲಾ ಒನ್‌ನಲ್ಲಿ 2003ರಿಂದ ಹ್ಯಾನ್ಸ್ ಕಡ್ಡಾಯ.

ಬಾರ್, ಸೀಟ್, ಆರು ಪಾಯಿಂಟಿನ ಹಾರ್ನೆಸ್, ಹೆಲ್ಮೆಟ್, ಹ್ಯಾನ್ಸ್. ಖರ್ಚು ಜಾಸ್ತಿ, ಗೊತ್ತು. ಪೂರ್ತಿ ಸೆಟ್‌ಗೆ ದುಡ್ಡು ಕೂಡುವ ತನಕ ಬಾರ್ ಮತ್ತು ಕಂಪನಿಯ ಬೆಲ್ಟಿನಲ್ಲೇ ಓಡಿಸಿ. ಅರ್ಧ ಸೆಟ್ ಹಾಕಿಸಬೇಡಿ.

ನಾನು ಫ್ಯಾಬ್ರಿಕೇಶನ್ ಕೆಲಸದವನು. ಟ್ರ್ಯಾಕ್ಟರ್ ಟ್ರೇಲರ್, ಗೇಟ್, ಶೆಡ್ ಎಲ್ಲ ಮಾಡ್ತೀನಿ. ಒಬ್ಬರು ಕಾರಿಗೆ ರೋಲ್ ಬಾರ್ ಮಾಡಿಕೊಡು ಅಂತ ಬಂದಿದ್ದಾರೆ. ಯಾವ ಪೈಪ್ ಹಾಕಲಿ? ಜಿಐ ಪೈಪ್ ದಪ್ಪ ಇರುತ್ತದಲ್ಲ, ನಡೆಯುತ್ತಾ?
— ಜಮಖಂಡಿ

ಕೇಳಿದ್ದು ಬಹಳ ಒಳ್ಳೆಯದಾಯಿತು. ಜಿಐ ಪೈಪ್ ಬೇಡವೇ ಬೇಡ. ಅದು ನೀರಿಗಾಗಿ ಮಾಡಿದ್ದು. ಉದ್ದಕ್ಕೂ ಸೀಮ್, ಅಂದರೆ ಬೆಸುಗೆಯ ಗೆರೆ ಇರುತ್ತದೆ, ಈ ಕೆಲಸಕ್ಕೆ ಬೇಕಾದ ಉಕ್ಕಿನ ಬಲಕ್ಕೆ ಯಾರೂ ಗ್ಯಾರಂಟಿ ಕೊಡಲ್ಲ. ಮೇಲಿನ ಸತುವಿನ ಹೊಗೆ ವೆಲ್ಡಿಂಗ್ ಮಾಡುವಾಗ ನಿಮ್ಮ ಎದೆಗೂ ಕೆಟ್ಟದ್ದು, ಜಾಯಿಂಟಿಗೂ ಕೆಟ್ಟದ್ದು.

ಸ್ಪರ್ಧೆಯ ಕಾರುಗಳಿಗೆ ಮೋಟಾರ್ ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎ ಹಾಕಿಕೊಟ್ಟ ಅಳತೆಯನ್ನೇ ಹಿಡಿಯಿರಿ. ಕೋಲ್ಡ್ ಡ್ರಾನ್ ಸೀಮ್‌ಲೆಸ್ (ತಣ್ಣಗೇ ಎಳೆದು ಮಾಡಿದ, ಸೀಮ್ ಇಲ್ಲದ) ಕಾರ್ಬನ್ ಸ್ಟೀಲ್, ಕನಿಷ್ಠ 350 ಮೆಗಾಪ್ಯಾಸ್ಕಲ್ ಟೆನ್ಸೈಲ್ (ಎಳೆತ ತಡೆಯುವ) ಬಲ. ಡ್ರೈವರ್ ಹಿಂದಿನ ದೊಡ್ಡ ಹೂಪಿಗೆ 45 ಮಿ.ಮೀ. ಹೊರ ವ್ಯಾಸ, 2.5 ಮಿ.ಮೀ. ದಪ್ಪ. ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ. ಹಿಂದಕ್ಕೆ ಇಳಿಯುವ ಕಾಲುಗಳಿಗೆ ಮತ್ತು ಅಡ್ಡ ಪೈಪಿಗೆ 38ಕ್ಕೆ 2.5, ಅಥವಾ 40ಕ್ಕೆ 2. ನಮ್ಮ ಬೆಳಗಾವಿಯಲ್ಲಿ ಹೈಡ್ರಾಲಿಕ್ಸ್ ಕೆಲಸ ಜಾಸ್ತಿ ಇರುವುದರಿಂದ ಸೀಮ್‌ಲೆಸ್ ಟ್ಯೂಬ್ ಮಾರುವವರನ್ನು ಬಹಳ ಹುಡುಕಬೇಕಿಲ್ಲ. ಉದ್ಯಮಬಾಗಕ್ಕೆ ಬಂದು ವಿಚಾರಿಸಿ. ಮಿಲ್‌ನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ತಗೊಳ್ಳಿ, ಅದರ ಮೇಲಿನ ಹೀಟ್ ನಂಬರ್ (ಆ ಉಕ್ಕು ಯಾವ ಬ್ಯಾಚಿನದ್ದು ಅಂತ ಹೇಳುವ ಸಂಖ್ಯೆ) ಪೈಪಿನ ಮೇಲೂ ಇದೆಯಾ ನೋಡಿ. 45ರ ಪೈಪ್ ಮೀಟರಿಗೆ ಸುಮಾರು 2.6 ಕೆ.ಜಿ. ತೂಗುತ್ತದೆ. ತೂಕ ಕಡಿಮೆ ಬಂದರೆ ದಪ್ಪ ಕಡಿಮೆ ಅಂತಲೇ ಅರ್ಥ.

ಬಾಗಿಸುವುದು ತಣ್ಣಗೇ ಆಗಬೇಕು. ಮರಳು ತುಂಬಿ, ಗ್ಯಾಸ್‌ನಲ್ಲಿ ಕಾಯಿಸಿ ಬಾಗಿಸುವ ಹಳೇ ಪದ್ಧತಿ ಗೇಟಿಗೆ ಸರಿ, ಇದಕ್ಕೆ ಅಲ್ಲ. ಕಾಯಿಸಿದರೆ ಕೋಲ್ಡ್ ಡ್ರಾಯಿಂಗ್‌ನಿಂದ ಬಂದ ಬಲ ಅಲ್ಲೇ ಹೋಗುತ್ತದೆ. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗೆ ಕಡಿಮೆ ಇರಬಾರದು. ಬಾಗಿದ ಕಡೆ ವರ್ನಿಯರ್ ಹಿಡಿದು ನೋಡಿ. 45ರ ಪೈಪ್ ಚಪ್ಪಟೆಯಾಗಿ ಒಂದು ಕಡೆ 42, ಇನ್ನೊಂದು ಕಡೆ 47 ಬಂದರೆ ಅದು ಆಗಲೇ ಮಿತಿ ದಾಟಿದೆ. ಚಿಕ್ಕ ಅಳತೆ ದೊಡ್ಡದರ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಿಮೆಯಾದರೆ ಆ ತುಂಡನ್ನು ಬದಿಗಿಡಿ. ಒಳಮೈಯಲ್ಲಿ ಸುಕ್ಕು ಬಂದಿದ್ದರೂ ಅಷ್ಟೇ. ಹೂಪ್ ಪೂರ್ತಿ ಒಂದೇ ಪೈಪಿನದ್ದಾಗಿರಬೇಕು, ನಡುವೆ ಜಾಯಿಂಟ್ ಕೂಡದು. ಹಿಂದಿನ ಕಾಲುಗಳು ಹೂಪಿನ ತಲೆಯ ಹತ್ತಿರದಿಂದ ಹೊರಟು, ಲಂಬಕ್ಕೆ ಕನಿಷ್ಠ 30 ಡಿಗ್ರಿ ಓರೆಯಾಗಿ ಇಳಿಯಲಿ. ಒಂದು ಅಡ್ಡ ಓರೆ ಪೈಪ್ ಇರಲೇಬೇಕು. ಅದಿಲ್ಲದಿದ್ದರೆ ಪಕ್ಕದಿಂದ ಬಂದ ಭಾರಕ್ಕೆ ಹೂಪ್ ವಾಲಿಬಿಡುತ್ತದೆ.

ವೆಲ್ಡಿಂಗ್ ಮಿಗ್‌ನಲ್ಲಿ ಮಾಡಿ, ಟಿಗ್ ಬಂದರೆ ಇನ್ನೂ ಚೆನ್ನ. ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಕತ್ತರಿಸಿ, ಸಂದು ಇಲ್ಲದಂತೆ ಕೂರಿಸಿ, ಸುತ್ತಲೂ ಪೂರ್ತಿ ಹಾಯಿಸಿ. ಛಾವಣಿಗೆ ಅಂಟಿಕೊಂಡಂತಿರುವ ಕಡೆ ವೆಲ್ಡಿಂಗ್ ಟಾರ್ಚ್ ಹೋಗಲ್ಲ ಅಂತ ಅರ್ಧ ಸುತ್ತು ಬಿಡುವವರಿದ್ದಾರೆ. ಹಾಗೆ ಬಿಡಬೇಡಿ. ಬೇಕಾದರೆ ಬಾರನ್ನು ಕೆಳಗಿಳಿಸಿ ಪೂರ್ತಿ ಮಾಡಿ. ಗ್ರೈಂಡರ್ ಹಿಡಿದು ಬೀಡ್ ನಯ ಮಾಡಬೇಡಿ. ಅಂದ ಬರುತ್ತದೆ, ಲೋಹ ಹೋಗುತ್ತದೆ.

ಕಾಲು ಊರುವ ಜಾಗ ನನಗೆ ಎಲ್ಲಕ್ಕಿಂತ ಮುಖ್ಯ. ಕಾರಿನ ತಳ ತೆಳು ತಗಡು. ಬರೀ ವಾಷರ್ ಹಾಕಿ ಬೋಲ್ಟ್ ಬಿಗಿದರೆ ಪಲ್ಟಿಯಾದಾಗ ಪೈಪ್ ತಗಡನ್ನು ಹರಿದು ಕೆಳಗಿಳಿಯುತ್ತದೆ. ಪ್ರತಿ ಕಾಲಿನ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪದ ಪ್ಲೇಟ್ ಬೇಕು. ದೊಡ್ಡ ಹೂಪಿನ ಕಾಲಿಗೆ ಅದರ ವಿಸ್ತೀರ್ಣ ಕನಿಷ್ಠ 120 ಚದರ ಸೆಂ.ಮೀ. ಇರಲಿ. ಅಂದರೆ 10ಕ್ಕೆ 12 ಸೆಂ.ಮೀ. ತುಂಡು. ತಗಡು ಆ ಪ್ಲೇಟ್ ಮತ್ತು ಕಾಲಿನ ಪಾದದ ನಡುವೆ ಸಿಕ್ಕಿಕೊಳ್ಳಬೇಕು. ಕಾಲಿಗೆ ಕನಿಷ್ಠ ಮೂರು ಬೋಲ್ಟ್, ಎಂ8 ಸೈಜಿಗೆ ಕಡಿಮೆ ಬೇಡ, ಬೋಲ್ಟಿನ ತಲೆಯ ಮೇಲೆ ಬಲದ ದರ್ಜೆ 8.8 ಅಂತ ಇರಬೇಕು. ತೂತು ಹೊಡೆಯುವ ಮೊದಲು ಕಾರಿನ ಕೆಳಗೆ ಮಲಗಿ ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ವೈರಿಂಗ್ ಎಲ್ಲಿ ಹೋಗಿದೆ ನೋಡಿ. ವೆಲ್ಡಿಂಗ್ ಮಾಡುವುದಿದ್ದರೆ ಬ್ಯಾಟರಿ ಬಿಚ್ಚಿಡಿ.

ಹ್ಯಾಚ್‌ಬ್ಯಾಕ್ ಇದೆ. ಹಾರ್ನೆಸ್‌ನ ಹೆಗಲ ಪಟ್ಟಿಗಳನ್ನು ಹಿಂದಿನ ಸೀಟ್‌ಬೆಲ್ಟ್ ಬೋಲ್ಟಿಗೆ, ಅಂದರೆ ಕೆಳಗೆ ನೆಲದ ಹತ್ತಿರ, ಕಟ್ಟಬಹುದಾ? ಬೆಲ್ಟ್ ಬಿಗಿಯುವ ಸರಿಯಾದ ಕ್ರಮವನ್ನೂ ತಿಳಿಸಿ.
— ನವನಗರ, ಬಾಗಲಕೋಟೆ

ನೆಲಕ್ಕೆ ಕಟ್ಟಬೇಡಿ. ಪಟ್ಟಿ ಹೆಗಲಿನಿಂದ ಕಡಿದಾಗಿ ಕೆಳಗಿಳಿದರೆ ಡಿಕ್ಕಿಯಲ್ಲಿ ಹೆಗಲನ್ನು ಕೆಳಕ್ಕೆ ಒತ್ತುತ್ತದೆ. ಆ ಒತ್ತಡ ಬೆನ್ನುಮೂಳೆಗೆ. ಪಟ್ಟಿ ಹೆಗಲಿನಿಂದ ಹಿಂದಕ್ಕೆ ಹೆಚ್ಚುಕಡಿಮೆ ಮಟ್ಟಸವಾಗಿ ಹೋಗಬೇಕು. ಸ್ವಲ್ಪ ಇಳಿದರೆ ಪರವಾಗಿಲ್ಲ. 45 ಡಿಗ್ರಿ ದಾಟಲೇಬಾರದು, 10ರ ಒಳಗೆ ಇದ್ದರೆ ಉತ್ತಮ. ಅದಕ್ಕೇ ರೋಲ್ ಬಾರಿಗೆ ಹೆಗಲ ಎತ್ತರದಲ್ಲಿ ಅಡ್ಡ ಪೈಪ್ ವೆಲ್ಡ್ ಮಾಡಿ, ಪಟ್ಟಿಯನ್ನು ಅದಕ್ಕೆ ಸುತ್ತುವುದು. ಪಟ್ಟಿ ಗಿಡ್ಡ ಆದಷ್ಟೂ ಹಿಗ್ಗುವುದು ಕಡಿಮೆ. ಕಾರಿನ ಎರಡು ಪಕ್ಕದ ಕಂಬಗಳ ನಡುವೆ ಸುಮ್ನೆ ಬೋಲ್ಟ್ ಮಾಡುವ ಹಾರ್ನೆಸ್ ಬಾರ್ ಸಿಗುತ್ತದೆ. ಅದು ಪಟ್ಟಿ ಹಿಡಿಯುತ್ತದೆ ಅಷ್ಟೇ, ಛಾವಣಿ ಹಿಡಿಯಲ್ಲ.

ಬಿಗಿಯುವ ಕ್ರಮ ಹೀಗೆ. ಮೊದಲು ಬೆನ್ನು, ಸೊಂಟ ಎರಡನ್ನೂ ಸೀಟಿನ ಮೂಲೆಗೆ ಒತ್ತಿ ಕೂರಿ. ಸೊಂಟದ ಬೆಲ್ಟ್ ಹೊಕ್ಕುಳಿನ ಕೆಳಗೆ, ಎರಡೂ ಕಡೆಯ ಎಲುಬಿನ ಮೇಲೆ ಕೂರಲಿ. ಅದನ್ನು ಪೂರ್ತಿ ಬಿಗಿಯಿರಿ, ನೋವಾಗುವಷ್ಟಲ್ಲದಿದ್ದರೂ ಬೆರಳು ತೂರದಷ್ಟು. ಆಮೇಲೆ ತೊಡೆಯ ನಡುವಿನ ಪಟ್ಟಿ. ಕೊನೆಗೆ ಹೆಗಲಿನದು. ಹೆಗಲ ಪಟ್ಟಿ ಎಳೆಯುವಾಗ ಬಕಲ್ ಮೇಲಕ್ಕೆ ಬಂತಾ? ಹಾಗಾದರೆ ಸೊಂಟದ್ದು ಸಡಿಲ ಇದೆ. ಬಿಚ್ಚಿ ಮೊದಲಿನಿಂದ ಶುರು ಮಾಡಿ. ಮೂರನೇ ಲ್ಯಾಪಿನ ಹೊತ್ತಿಗೆ ಎಲ್ಲ ಸಡಿಲಾಗುತ್ತದೆ, ಪಿಟ್‌ಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ) ಬಂದಾಗ ಮತ್ತೆ ಎಳೆದುಕೊಳ್ಳಿ.

ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ರೇಸಿನ ಹುಚ್ಚು. ಕಾರಿನೊಳಗೆ ದಪ್ಪ ಪೈಪ್ ಹಾಕಿಸಿದ್ದಾನೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಅದೇ ಕಾರಿನಲ್ಲಿ ಬರುತ್ತಾನೆ, ಮೊಮ್ಮಕ್ಕಳನ್ನು ಹಿಂದೆ ಕೂರಿಸುತ್ತಾನೆ. "ಇದು ಇನ್ನೂ ಸೇಫ್ ಅವ್ವಾ" ಅಂತಾನೆ. ನಿಜವೇ?
— ವಿಜಯಪುರ

ಅಕ್ಕಾರೇ, ನಿಮ್ಮ ಅನುಮಾನ ಸರಿ ಇದೆ. ಈ ಉತ್ತರವನ್ನು ಮಗನಿಗೂ ಓದಿಸಿ.

ಆ ಪೈಪ್ ಹೆಲ್ಮೆಟ್ ಹಾಕಿದವರಿಗಾಗಿ ಮಾಡಿದ್ದು. ಬರಿತಲೆಗೆ ಅದು ಕಬ್ಬಿಣವೇ. ಹಿಂದಿನ ಸೀಟಿನ ಮಕ್ಕಳ ಮುಖದ ಎದುರಿಗೇ ಅಡ್ಡ ಪೈಪ್ ಇರುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ಸಾಕು, ಹಣೆ ಅದಕ್ಕೆ ಬಡಿಯಬಹುದು. ಮುಂದೆ ಕೂತವರಿಗೂ ಅಪಾಯ ಇದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಸೀಟಿನ ಬೆನ್ನು ಹಿಂದಕ್ಕೆ ಬಾಗುತ್ತದೆ, ತಲೆ ಹೋಗಿ ಪೈಪಿಗೆ ಹೊಡೆಯುತ್ತದೆ. ಕೆಲವರು ಏಸಿ ಪೈಪಿಗೆ ಸುತ್ತುವ ಕರಿ ಫೋಮ್ ಹಾಕಿರುತ್ತಾರೆ. ಹೆಬ್ಬೆರಳಿನಿಂದ ಒತ್ತಿ ನೋಡಿ, ಕಬ್ಬಿಣ ಕೈಗೆ ಸಿಗುತ್ತದೆ. ರೇಸಿನ ಪ್ಯಾಡಿಂಗ್ ಗಟ್ಟಿ ಇರುತ್ತದೆ, ಒತ್ತಿದರೆ ಅಷ್ಟು ಸುಲಭವಾಗಿ ಬಗ್ಗಲ್ಲ. ಅದು ಕೂಡ ಹೆಲ್ಮೆಟ್ ಇದ್ದಾಗಲೇ ಸರಿಯಾಗಿ ಕೆಲಸ ಮಾಡುವುದು.

ಬೆಂಗಳೂರಿನಿಂದ ಬರುವಾಗ ಹಾರ್ನೆಸ್ ಹಾಕಿಕೊಂಡು ಓಡಿಸುತ್ತಾನಾ ಕೇಳಿ. ಅದೂ ಬೇಡ. ಜನವರಿ ಅಂದರೆ ಕಬ್ಬಿನ ಸೀಸನ್. ರಾತ್ರಿ ಹೊತ್ತು ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ಲೈಟೂ ಇರಲ್ಲ. ಹೆಗಲು ಕಟ್ಟಿದವನು ಮುಂದಕ್ಕೆ ಬಗ್ಗಿ ಅಡ್ಡರಸ್ತೆ ನೋಡಲಾರ. ಏನಾದರೂ ಆದರೆ ಬಿಡಿಸಲು ಓಡಿಬಂದ ಜನಕ್ಕೆ ಆ ತಿರುಗಿಸುವ ಬಕಲ್ ಗೊತ್ತಿರಲ್ಲ. ರಸ್ತೆಯಲ್ಲಿ ಕಂಪನಿಯ ಬೆಲ್ಟೇ ಹಾಕಬೇಕು, ಅದನ್ನು ಬಿಚ್ಚಿ ಎಸೆದಿರಬಾರದು.

ಜಾತ್ರೆಗೆ ಬೇರೆ ಕಾರಿನಲ್ಲೋ ರೈಲಿನಲ್ಲೋ ಬರಲಿ. ಮೊಮ್ಮಕ್ಕಳನ್ನು ಆ ಕಾರಿನ ಹಿಂದೆ ಕೂರಿಸಲು ಬಿಡಬೇಡಿ. ಹಟ ಮಾಡಿದರೂ ಬಿಡಬೇಡಿ.

ರೋಲ್ ಬಾರ್ ಹಾಕಿಸಿದರೆ ಆರ್‌ಟಿಒ ತೊಂದರೆ ಇದೆಯೇ? ಇನ್ಶೂರೆನ್ಸ್ ಸಿಗುತ್ತದೆಯೇ?
— ಗೋಕಾಕ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಕಾರು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಬಾರ್‌ಗಾಗಿ ಹಿಂದಿನ ಸೀಟ್ ತೆಗೆದರೆ ಆರ್‌ಸಿಯಲ್ಲಿ ಬರೆದ ಸೀಟಿನ ಲೆಕ್ಕವೇ ತಪ್ಪುತ್ತದೆ. ಬೋಲ್ಟಿನ ಬಾರ್ ಮಾಡಿಸಿ, ಟ್ರ್ಯಾಕ್ ಮುಗಿದ ಮೇಲೆ ಬಿಚ್ಚಿಡುವುದು ಒಳ್ಳೆಯದು. ಇಲ್ಲವೇ ಕಾರನ್ನು ಟ್ರ್ಯಾಕಿಗೇ ಮೀಸಲಿಟ್ಟು ಲಾರಿಯಲ್ಲಿ ಒಯ್ಯಿರಿ. ಇನ್ಶೂರೆನ್ಸ್ ಬಗ್ಗೆ: ಸಾಮಾನ್ಯ ಪಾಲಿಸಿಗಳಲ್ಲಿ ರೇಸ್, ಸ್ಪೀಡ್ ಟೆಸ್ಟಿಂಗ್ ಎರಡನ್ನೂ ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಆದ ಹಾನಿಗೆ ಅದನ್ನು ನಂಬಬೇಡಿ.

ಗೆಳೆಯ ತನ್ನ ಹಳೇ ಹಾರ್ನೆಸ್ ಅರ್ಧ ಬೆಲೆಗೆ ಕೊಡ್ತೀನಿ ಅಂತಾನೆ. ನೋಡಲು ಹೊಸದರ ಹಾಗೇ ಇದೆ. ತಗೊಳ್ಳಲಾ?
— ಮುಧೋಳ

ಪಟ್ಟಿಗೆ ಹೊಲಿದಿರುವ ಲೇಬಲ್ ನೋಡಿ. ಎಫ್‌ಐಎ 8853 ಸ್ಟ್ಯಾಂಡರ್ಡಿನದ್ದಾದರೆ ಯಾವ ವರ್ಷದ ತನಕ ನಡೆಯುತ್ತದೆ ಅಂತ ಅದರಲ್ಲೇ ಇರುತ್ತದೆ. ಲೇಬಲ್ ಇಲ್ಲದಿದ್ದರೆ ತಗೊಳ್ಳಬೇಡಿ. ವರ್ಷ ಮುಗಿದಿದ್ದರೂ ಬೇಡ. ನಮ್ಮ ಕಡೆಯ ಬಿಸಿಲಿಗೆ ಪಾಲಿಯೆಸ್ಟರ್ ಎಳೆ ಬೇಗ ಬಲ ಕಳೆದುಕೊಳ್ಳುತ್ತದೆ. ಪಟ್ಟಿಯನ್ನು ಬಕಲ್ ಹತ್ತಿರ ಮಡಿಚಿ ನೋಡಿ. ಬಣ್ಣ ಮಾಸಿದ್ದರೆ, ಅಂಚಿನಲ್ಲಿ ನೂಲು ಎದ್ದಿದ್ದರೆ ವಾಪಸ್ ಕೊಡಿ. ಅದು ಹಾಕಿಕೊಂಡಿದ್ದಾಗ ಕಾರು ಎಲ್ಲಾದರೂ ಗುದ್ದಿತ್ತಾ ಅಂತ ನೇರವಾಗಿ ಕೇಳಿ. ಒಮ್ಮೆ ಡಿಕ್ಕಿಯಲ್ಲಿ ಹಿಗ್ಗಿದ ಪಟ್ಟಿ ಎರಡನೇ ಸಲ ಹಿಡಿಯಲ್ಲ, ಕಣ್ಣಿಗೆ ಅದು ಕಾಣುವುದೂ ಇಲ್ಲ.

ಬಾರ್ ಹಾಕಿಸಿ ಆಯಿತು. ಮೊದಲ ಟ್ರ್ಯಾಕ್ ಡೇ ಮುಂದಿನ ತಿಂಗಳು. ಹೊರಡುವ ಮೊದಲು ಏನು ನೋಡಬೇಕು?
— ಖಾನಾಪುರ

ಎಂ8 ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಸುಮಾರು 25 ನ್ಯೂಟನ್ ಮೀಟರಿಗೆ ಬಿಗಿಸಿ, ನಟ್ ಮತ್ತು ಪ್ಲೇಟಿನ ಮೇಲೆ ಒಂದೇ ಗೆರೆ ಬರುವಂತೆ ಬಿಳಿ ಬಣ್ಣ ಹಚ್ಚಿ. ಮೊದಲ ಸೆಷನ್ ಮುಗಿದ ಕೂಡಲೇ ನೋಡಿ. ಗೆರೆ ತಪ್ಪಿದ್ದರೆ ನಟ್ ಸಡಿಲಾಗಿದೆ ಅಂತ ಗೊತ್ತಾಗುತ್ತದೆ, ಮತ್ತೆ ಬಿಗಿಸಿ. ಕಾರಿನಲ್ಲಿ ಬಿಡಿ ಸಾಮಾನು ಏನೂ ಇರಬಾರದು. ಜಾಕ್, ನೀರಿನ ಬಾಟಲಿ, ಕಾಲಡಿಯ ಮ್ಯಾಟ್ ಎಲ್ಲ ಪಿಟ್‌ನಲ್ಲೇ ಇಳಿಸಿ. ಪಕ್ಕದಲ್ಲಿ ಕಲಿಸುವವರು ಕೂರುವುದಾದರೆ ಅವರಿಗೂ ನಿಮ್ಮಂಥದ್ದೇ ಸೀಟ್, ನಿಮ್ಮಂಥದ್ದೇ ಹಾರ್ನೆಸ್ ಇರಬೇಕು.