ಅಮ್ಮ ತಪ್ಪು ಓದಿದ ಭಾನುವಾರ

ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬ ಹುಡುಗನ ಕಥೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಮನೆಯಲ್ಲಿ ಪುಟ್ಟ ಅಂತ ಕರೆಯುತ್ತಾರೆ, ಇಲ್ಲೂ ಹಾಗೇ ಇರಲಿ.

ಪುಟ್ಟನಿಗೆ ಎಂಟು ವರ್ಷ. ಬೆಂಗಳೂರಿನ ಪೀಣ್ಯದ ಕಡೆ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸು. ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ತಂದೆ ಗೂಡ್ಸ್ ಆಟೋ ಓಡಿಸುತ್ತಾರೆ. ಸಂಜೆ ಪುಸ್ತಕ ತೆಗೆದ ಕೂಡಲೇ ಹುಡುಗನಿಗೆ ಹೊಟ್ಟೆನೋವು. ಡಾಕ್ಟರಿಗೆ ಎರಡು ಸಲ ತೋರಿಸಿದ್ದಾಯಿತು, ಹೊಟ್ಟೆಯಲ್ಲಿ ಏನೂ ಇಲ್ಲ. ಮೂರನೇ ಸಲ ಆ ಡಾಕ್ಟರೇ ನನ್ನ ಹತ್ತಿರ ಕಳಿಸಿದರು.

ಮೊದಲ ಅರ್ಧ ಗಂಟೆ ತಾಯಿಯೇ ಮಾತಾಡಿದರು. "ನಾನು ಏಳನೇ ಕ್ಲಾಸ್ ತನಕ ಓದಿರೋದು ಮೇಡಂ, ಅದೂ ಕನ್ನಡ ಶಾಲೆ. ಇವನ ಪುಸ್ತಕ ನನಗೆ ಅರ್ಥ ಆಗಲ್ಲ. ಮನೇಲೂ ಇಂಗ್ಲಿಷೇ ಮಾತಾಡಿ ಅಂತ ಮಿಸ್ ಹೇಳಿದಾರೆ. ನನಗೆ ಬರೋ ನಾಲ್ಕು ಮಾತಲ್ಲಿ ಏನು ಮಾತಾಡಲಿ?" ಹೀಗಾಗಿ ಮನೆಯಲ್ಲಿ ಮಾತೇ ಕಡಿಮೆಯಾಗಿತ್ತು. ಉಳಿದಿದ್ದು "ಓದು, ಓದು" ಅನ್ನೋದು, ಆಮೇಲೆ ಒಂದೇಟು. ಏಟಿನ ವಿಷಯ ಹೇಳುವಾಗ ಅವರಿಗೆ ಅಳು ಬಂತು.

ಪುಟ್ಟನನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಿದೆ. ಚುರುಕು ಹುಡುಗ. ಅಪ್ಪನ ಗಾಡಿಯ ಗೇರು, ಟಯರು, ಲೋಡು ಎಲ್ಲ ಬಾಯಿಪಾಠ. ಒಂದು ಕನ್ನಡ ಪುಸ್ತಕ ಕೊಟ್ಟೆ. ಮರ, ಹಾವು, ಕೋಳಿ ಎಲ್ಲ ಸರಾಗ. ಒತ್ತಕ್ಷರ ಬಂದ ಕಡೆ ಬೆರಳು ನಿಂತುಬಿಡುತ್ತಿತ್ತು. ಇಂಗ್ಲಿಷ್ ಪುಸ್ತಕದಲ್ಲಿ ಮೊದಲ ಸಾಲಿನಲ್ಲೇ ನಿಂತಿತು. ಇನ್ನೊಂದು ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಹೋಯಿತು.

ಒತ್ತಕ್ಷರಕ್ಕೆ ತಡವರಿಸುವುದು ಈ ವಯಸ್ಸಿನಲ್ಲಿ ದೊಡ್ಡ ಸಂಗತಿಯಲ್ಲ. ನಮ್ಮ ಲಿಪಿಯಲ್ಲಿ ಮೂಲ ಅಕ್ಷರ 49. ಆದರೆ ಕಾಗುಣಿತ, ಒತ್ತು ಸೇರಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು ಆಗುತ್ತವೆ. ಎಷ್ಟೋ ಮಕ್ಕಳಿಗೆ ನಾಲ್ಕನೇ ಕ್ಲಾಸಿನವರೆಗೂ ಇದು ಪೂರ್ತಿ ಹಿಡಿತಕ್ಕೆ ಬರುವುದಿಲ್ಲ. ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ ಅಂದೆ. ಎರಡೂ ಸರಿಯಿದ್ದವು. ಕಲಿಕೆಯ ತೊಂದರೆ ಇರಬಹುದಾ ಅನ್ನೋ ಪ್ರಶ್ನೆಯನ್ನು ನಾನು ಪಕ್ಕಕ್ಕೆ ಇಡಲಿಲ್ಲ. ಮೂರು ನಾಲ್ಕು ತಿಂಗಳು ಸರಿಯಾಗಿ ಓದಿಸಿದ ಮೇಲೂ ಮುಂದೆ ಹೋಗದಿದ್ದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗಕ್ಕೆ ತೋರಿಸೋಣ ಅಂತ ತಾಯಿಗೆ ಹೇಳಿದೆ. ಆದರೆ ಈ ಮಗುವಿಗೆ ಇಲ್ಲಿಯವರೆಗೆ ಯಾರೂ ಒಂದು ಕಥೆಯನ್ನೂ ಓದಿ ಹೇಳಿರಲಿಲ್ಲ. ಮೊದಲು ಅದು ಆಗಬೇಕಿತ್ತು.

"ನೀವು ಓದಿ ಹೇಳಿ, ಕನ್ನಡದಲ್ಲೇ," ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಆಗ ಅವರ ಕೆಲಸದ ಬಗ್ಗೆ ಕೇಳಿದೆ. ಈಗ ಅವರು ಕಾಲರ್ ಹೊಲಿಯುತ್ತಾರೆ. ಸೇರಿದ ದಿನವೇ ಕಾಲರ್ ಕೊಟ್ಟಿದ್ದರಾ? "ಇಲ್ಲ ಮೇಡಂ, ಮೊದಲು ಹೆಲ್ಪರ್. ದಾರ ಕಟ್ ಮಾಡ್ತಿದ್ದೆ. ಪಕ್ಕದ ಅಕ್ಕ ಹೊಲಿಯೋದನ್ನ ನೋಡ್ತಾ ನೋಡ್ತಾ ಬಂತು." ನಿಮ್ಮ ಮಗನಿಗೂ ಹಾಗೆ ಪಕ್ಕದಲ್ಲಿ ಕೂತು ನೋಡೋಕೆ ಒಬ್ಬರು ಬೇಕು ಅಲ್ವಾ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಮನೇಲಿ ಕಥೆ ಪುಸ್ತಕಾನೇ ಇಲ್ಲ," ಅಂದರು.

ಅಲ್ಲಿಂದ ಲೈಬ್ರರಿಯ ಮಾತು ಬಂತು. ಅವರ ಬೀದಿಯ ಹತ್ತಿರವೇ ಒಂದು ಶಾಖಾ ಗ್ರಂಥಾಲಯ ಇದೆ. ಆರು ವರ್ಷದಿಂದ ಅದರ ಮುಂದೆ ಓಡಾಡಿದ್ದಾರೆ, ಒಳಗೆ ಹೋಗಿಲ್ಲ. "ಅಲ್ಲಿ ವಯಸ್ಸಾದವರು ಪೇಪರ್ ಓದ್ತಾರೆ, ಹುಡುಗ್ರು ಪರೀಕ್ಷೆಗೆ ಓದ್ತಾರೆ. ನಮ್ಮನ್ನ ಯಾಕೆ ಬಿಡ್ತಾರೆ?" ಈ ಮಾತನ್ನು ನಾನು ಬಹಳ ತಾಯಂದಿರ ಬಾಯಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಬೇಜಾರಾಗುತ್ತದೆ. ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಆಸ್ತಿ ತೆರಿಗೆಯ ಮೇಲೆ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಸೇರುತ್ತದೆ. ಅವರ ಮನೆ ಓನರ್ ಕಟ್ಟುವ ಆ ದುಡ್ಡು ಇವರ ಬಾಡಿಗೆಯಿಂದಲೇ ಹೋಗುವುದು. "ನೀವು ಆಗಲೇ ದುಡ್ಡು ಕಟ್ಟಿದ್ದೀರಿ, ಹೋಗಿ ಕೂತ್ಕೊಳ್ಳಿ," ಅಂದೆ. ಅಲ್ಲೇ ಕೂತು ಓದೋಕೆ ಮೆಂಬರ್ ಆಗಬೇಕಾಗಿಲ್ಲ. ಮನೆಗೆ ಪುಸ್ತಕ ಬೇಕಿದ್ದರೆ ಮಾತ್ರ ಫೋಟೋ, ವಿಳಾಸದ ದಾಖಲೆ, ಒಂದಿಷ್ಟು ಠೇವಣಿ ಕೊಟ್ಟು ಕಾರ್ಡ್ ಮಾಡಿಸಬೇಕು. ಇನ್ನೊಂದು ಅನುಕೂಲ ಅಂದರೆ ನಮ್ಮ ಸರ್ಕಾರಿ ಗ್ರಂಥಾಲಯಗಳಿಗೆ ವಾರದ ರಜೆ ಸೋಮವಾರ. ಫ್ಯಾಕ್ಟರಿಗೆ ಹೋಗುವವರಿಗೆ ಭಾನುವಾರ ಬಾಗಿಲು ತೆರೆದಿರುತ್ತದೆ.

ಶಾಖೆಯಲ್ಲಿ ಮಕ್ಕಳ ಪುಸ್ತಕ ಕಡಿಮೆ ಸಿಗಬಹುದು ಅಂತಲೂ ಹೇಳಿದೆ. ತಿಂಗಳಿಗೊಂದು ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ ಅಂದೆ. ಅಲ್ಲಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ರಾಜ್ಯ ಕೇಂದ್ರ ಗ್ರಂಥಾಲಯ. ಮಕ್ಕಳಿಗೆ ಅಂತಲೇ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವೂ ಪಾರ್ಕಿನಲ್ಲೇ ಇದೆ. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಬಸ್ಸು ಉಚಿತ, ಪುಟ್ಟನಿಗೆ ಅರ್ಧ ಟಿಕೆಟ್.

ಪುಸ್ತಕ ಆರಿಸುವುದನ್ನು ಬೆರಳಲ್ಲಿ ತೋರಿಸಿಕೊಟ್ಟೆ. ಯಾವುದಾದರೂ ಒಂದು ಪುಟ ಮಗು ಓದಲಿ. ತಡವರಿಸಿದ ಪದಕ್ಕೆ ಒಂದೊಂದು ಬೆರಳು ಮಡಚಿ. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಆ ಪುಸ್ತಕ ಈಗ ಬೇಡ, ನೀವು ಓದಿ ಹೇಳೋಕೆ ಇಟ್ಟುಕೊಳ್ಳಿ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನ ಪುಸ್ತಕಗಳಿಗೆ 1ರಿಂದ 4ರ ತನಕ ಹಂತ ಹಾಕಿರುತ್ತಾರೆ. ಮೂರನೇ ಕ್ಲಾಸ್ ಅಂತ ಮೂರನೇ ಹಂತವೇ ಹಿಡಿಯಬೇಡಿ, ಒಂದರಿಂದ ಶುರುಮಾಡಿ. ಅವರದೇ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಫೋನಿನಲ್ಲೂ ಪುಕ್ಕಟೆ ಸಿಗುತ್ತವೆ. ಆದರೂ ಈ ಹುಡುಗನಿಗೆ ಕೈಯಲ್ಲಿ ಹಿಡಿಯುವ ಪುಸ್ತಕವೇ ಇರಲಿ ಅನ್ನಿಸಿತು. ಫೋನ್ ಕೊಟ್ಟರೆ ಎರಡು ನಿಮಿಷದಲ್ಲಿ ವಿಡಿಯೋಗೆ ಹೋಗುತ್ತಾನೆ.

ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ ಸಾಕು. ಮೊದಲು ನೀವು ಓದಿ, ಬೆರಳು ಅವನು ಇಡಲಿ. ಅದೇ ಕಥೆ ಹತ್ತು ಸಲ ಕೇಳಿದರೂ ಹತ್ತು ಸಲ ಓದಿ. ಅವನು ಓದುವಾಗ ತಪ್ಪಿದರೆ ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆ ಹೇಳಿಕೊಡಿ. ಏನು ಕಲಿತೆ, ನೀತಿ ಏನು ಅಂತ ಮಾತ್ರ ಕೇಳಬೇಡಿ. ಏಟು ಬೇಡವೇ ಬೇಡ.

ಶಾಲೆಗೂ ಒಂದು ಪತ್ರ ಬರೆದುಕೊಟ್ಟೆ. ಸ್ವಲ್ಪ ದಿನ ಇವನನ್ನು ಕ್ಲಾಸಿನಲ್ಲಿ ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ ಅಂತ ಕೇಳಿಕೊಂಡೆ. ಮನೆಯಲ್ಲಿ ಕನ್ನಡ ನಿಲ್ಲಿಸಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ ಅಂತಲೂ ಬರೆದೆ. ಕಥೆ ಹಿಡಿದು ಕೂರುವ ಅಭ್ಯಾಸ, ಮುಂದೇನು ಅಂತ ಊಹಿಸುವ ಬುದ್ಧಿ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ಒದಗುತ್ತದೆ. ತನ್ನ ಭಾಷೆಯಲ್ಲಿ ಅಮ್ಮನ ಜೊತೆ ಮಾತು ನಿಂತರೆ ಮಗುವಿಗೆ ಎರಡೂ ಇಲ್ಲ.

ಐದು ವಾರದ ಮೇಲೆ ಬಂದರು. ಶಾಖೆಯಲ್ಲಿ ಮೊದಲ ಭಾನುವಾರ ಇಬ್ಬರೂ ಬಾಗಿಲ ಹತ್ತಿರವೇ ನಿಂತಿದ್ದರಂತೆ. ಅಲ್ಲಿನ ಸಿಬ್ಬಂದಿ ಒಬ್ಬರು ಕರೆದು, ಕೆಳಗಿನ ಕಪಾಟು ತೋರಿಸಿ, ಪುಟ್ಟನಿಗೆ ಏನು ಇಷ್ಟ ಅಂತ ಕೇಳಿದರು. ಗಾಡಿ ಅಂದ. ಲಾರಿಯ ಚಿತ್ರದ ಪುಸ್ತಕ ಸಿಕ್ಕಿತು. ಓದುಗನಿಗೆ ಅವನ ಪುಸ್ತಕ, ಪುಸ್ತಕಕ್ಕೆ ಅದರ ಓದುಗ ಅಂತ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಹೇಳಿದ್ದು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ.

ಅವತ್ತು ಬೆಂಚಿನ ಮೇಲೆ ಕೂತು ತಾಯಿ ಓದಿದರು. ಓದದೆ ಇಪ್ಪತ್ತು ವರ್ಷ ಆಗಿತ್ತು. "ರಸ್ತೆ"ಯನ್ನು "ರಸತೆ" ಅಂದರು. ಪುಟ್ಟ ತಲೆ ಎತ್ತಿ, "ಅಮ್ಮ, ನಿನಗೂ ತಪ್ಪುತ್ತಾ?" ಅಂದ. ಹೂಂ ಅಂದರಂತೆ. ಅವನು ಹತ್ತಿರ ಸರಿದು ಪುಸ್ತಕದ ಇನ್ನೊಂದು ಅಂಚು ಹಿಡಿದುಕೊಂಡ.

ಹೊಟ್ಟೆನೋವು ಈಗ ವಾರಕ್ಕೆ ಒಂದು ದಿನ ಇದ್ದರೆ ಇದೆ. ಇಂಗ್ಲಿಷ್ ಇನ್ನೂ ನಿಧಾನ. ನಿಮ್ಹಾನ್ಸ್‌ ವಿಷಯ ಮೂರನೇ ತಿಂಗಳು ನೋಡೋಣ ಅಂತಿದ್ದೇವೆ. ಮುಂದಿನ ತಿಂಗಳು ಫ್ಯಾಕ್ಟರಿಯಲ್ಲಿ ಓಟಿ ಜಾಸ್ತಿ, ಭಾನುವಾರವೂ ಕರೆಯಬಹುದು ಅಂದರು ತಾಯಿ. ಹಾಗಾದರೆ ಲೈಬ್ರರಿಗೆ ಯಾರು ಕರೆದುಕೊಂಡು ಹೋಗ್ತಾರೆ ಅಂತ ಕೇಳಿದೆ.

"ಅಪ್ಪ ಬರ್ತಾರೆ," ಅಂದ ಪುಟ್ಟ. "ಯಾವ ಕಪಾಟು ಅಂತ ನಾನು ತೋರಿಸ್ತೀನಿ."