ಕರಾವಳಿಯಲ್ಲಿ ಇಡೀ ಮನೆಗೆ ಲ್ಯಾಮಿನೇಟ್ ನೆಲ ಹಾಸಬಹುದೇ?

ಮಣಿಪಾಲದ ಸಮೀಪ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೀರಿ. ಕೆಳಗೂ ಮೇಲೂ ಒಂದೇ ಬಗೆಯ, ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆ ಹಾಸಿಸಬಹುದೇ, 8 ಮಿ.ಮೀ. ದಪ್ಪ ಸಾಕೇ ಅಥವಾ 12 ಮಿ.ಮೀ. ಬೇಕೇ ಎಂದು ಕೇಳಿದ್ದೀರಿ. ಉಡುಪಿಯ ನಮ್ಮ ಮನೆಗೆ ಇದೇ ಆಸೆಯಿಂದ ಎಲ್ಲ ಕೋಣೆಗಳಿಗೂ ಲ್ಯಾಮಿನೇಟ್ ಹಾಸಿಸಿ, ಮೂರನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳ ಅಂತಸ್ತಿನದನ್ನು ಪೂರ್ತಿ ಕೀಳಿಸಿದವಳು ನಾನು. ಮಹಡಿಯಲ್ಲಿ ಹಾಸಿದ್ದು ಇಂದಿಗೂ ಚೆನ್ನಾಗಿದೆ. ಆದ್ದರಿಂದ ಮಹಡಿಯ ಮಲಗುವ ಕೋಣೆಗಳಿಗೆ ಧೈರ್ಯವಾಗಿ ಹಾಕಿಸಿ, ಕೆಳ ಅಂತಸ್ತಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಹಲಗೆಯ ಒಳಗೇ ಇದೆ. ಮೇಲ್ಭಾಗದಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಬೆರೆಸಿದ ಗಟ್ಟಿಯಾದ ಪಾರದರ್ಶಕ ಪದರ, ಅದರಡಿ ಮರದ ಚಿತ್ರ ಮುದ್ರಿಸಿದ ಕಾಗದ ಇರುತ್ತವೆ; ಉಳಿದ ದಪ್ಪವೆಲ್ಲ ಬಹುಮಟ್ಟಿಗೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ತಯಾರಿಸಿದ ಎಚ್‌ಡಿಎಫ್. ಅಂಗಡಿಯವರು ಮೇಲೆ ನೀರು ಚೆಲ್ಲಿ, ಬಟ್ಟೆಯಿಂದ ಒರೆಸಿ ತೋರಿಸುವಾಗ ಪರೀಕ್ಷೆಯಾಗುವುದು ಆ ಮೇಲಿನ ಪದರವಷ್ಟೇ. ನೀರು ಸಂದುಗಳಿಂದಲೋ ಅಡಿಯಿಂದಲೋ ನಾರಿಗೆ ತಲುಪಿದರೆ ಹಲಗೆಯ ಅಂಚು ಉಬ್ಬುತ್ತದೆ, ಒಣಗಿದ ಮೇಲೂ ಅದು ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ನಮ್ಮ ಕಡೆಯ ಮನೆಗಳ ಪಂಚಾಂಗ, ಅಂದರೆ ಅಡಿಪಾಯ, ಹೆಚ್ಚಾಗಿ ರಂಧ್ರಗಳುಳ್ಳ ಕೆಂಪು ಮುರಕಲ್ಲಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ನೀರುಂಡು ಕುಳಿತಿರುವಾಗ ಆ ತೇವ ಕಲ್ಲಿನ ರಂಧ್ರಗಳ ಮೂಲಕ ಮೇಲೇರಿ ಕೆಳ ಅಂತಸ್ತಿನ ನೆಲಕ್ಕೆ ಬರುತ್ತದೆ. ಇದರ ಜೊತೆಗೆ ಒದ್ದೆ ಕಾಲು, ಒದ್ದೆ ಕೊಡೆ, ಬಚ್ಚಲಿನ ಬಾಗಿಲು, ದೇವರ ಕೋಣೆಯ ಅಭಿಷೇಕದ ನೀರು, ದಿನವೂ ನೆಲ ಒರೆಸುವ ನಮ್ಮ ಅಭ್ಯಾಸ ಎಲ್ಲವೂ ಕೆಳಗೇ ಸೇರುತ್ತವೆ. ನಮ್ಮ ಹಲಗೆಗಳನ್ನು ಕಿತ್ತಾಗ ಅಡಿಯ ಫೋಮ್ ಹಾಳೆಯ ತುಂಬ ಬೂಷ್ಟು ಹಿಡಿದಿತ್ತು, ಒಂದು ಮೂಲೆಗೆ ಗೆದ್ದಲೂ ಬಂದಿತ್ತು.

ಕೆಳಗೂ ಹಾಸಲೇಬೇಕೆಂಬ ಮನಸ್ಸಿದ್ದರೆ, ಒಂದು ಮಳೆಗಾಲ ಕಳೆಯುವವರೆಗೆ ಕಾಯಿರಿ. ಜುಲೈ ತಿಂಗಳಲ್ಲಿ ಒಂದು ಮೀಟರ್ ಚೌಕದ ಪಾಲಿಥೀನ್ ಹಾಳೆಯನ್ನು ಸಿಮೆಂಟ್ ನೆಲಕ್ಕೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ, 24 ಗಂಟೆಯ ನಂತರ ತೆಗೆದು ನೋಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ, ಅಥವಾ ಅಲ್ಲಿ ನೆಲದ ಬಣ್ಣ ಕಪ್ಪಾಗಿದ್ದರೆ ಲ್ಯಾಮಿನೇಟಿನ ಆಸೆಯನ್ನು ಬಿಟ್ಟುಬಿಡಿ. ಅಲ್ಲಿಗೆ ವಿಟ್ರಿಫೈಡ್ ಟೈಲ್ಸ್ ಅಥವಾ ಕಾವಿ (ರೆಡ್ ಆಕ್ಸೈಡ್) ನೆಲ ಒಳ್ಳೆಯದು. ಮರದ ನೋಟವೇ ಬೇಕಾದರೆ ಎಸ್‌ಪಿಸಿ ಹಲಗೆ ಇದೆ. ಅದರ ತಿರುಳು ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿಯದಾದ್ದರಿಂದ ನೀರಿಗೆ ಉಬ್ಬುವುದಿಲ್ಲ.

ಇನ್ನು ಮಹಡಿಗೆ ಬರೋಣ. ದಪ್ಪಕ್ಕಿಂತ ಮೊದಲು ಪೆಟ್ಟಿಗೆಯ ಮೇಲಿನ ಎಸಿ ದರ್ಜೆಯನ್ನು ನೋಡಬೇಕು. ಸವೆತವನ್ನು ತಡೆಯುವ ಶಕ್ತಿಯನ್ನು ಅದು ಹೇಳುತ್ತದೆ. ಮನೆಗೆ ಎಸಿ3 ಸಾಕು, ಮಕ್ಕಳ ಓಡಾಟ ಹೆಚ್ಚಿದ್ದರೆ ಎಸಿ4 ತೆಗೆದುಕೊಳ್ಳಿ. 12 ಮಿ.ಮೀ. ಹಲಗೆಯ ಮೇಲೆ ನಡೆದಾಗ ಟೊಳ್ಳು ಸದ್ದು ಕಡಿಮೆ ಎಂಬುದು ನಿಜ, ಆದರೆ ಸಮತಟ್ಟಾದ ನೆಲದ ಮೇಲೆ ಒಳ್ಳೆಯ ಕಂಪನಿಯ 8 ಮಿ.ಮೀ. ಹಲಗೆ ಚೆನ್ನಾಗಿಯೇ ಬಾಳುತ್ತದೆ. ಎರಡು ಮೀಟರ್ ಉದ್ದದ ಪಟ್ಟಿಯನ್ನಿಟ್ಟು ನೋಡಿದಾಗ 3 ಮಿ.ಮೀ.ಗಿಂತ ಹೆಚ್ಚು ತಗ್ಗು ಕಂಡರೆ ಮೊದಲು ನೆಲವನ್ನು ಸರಿಪಡಿಸಿ, ಇಲ್ಲದಿದ್ದರೆ ಕಾಲಿಟ್ಟಲ್ಲೆಲ್ಲ ಹಲಗೆ ಕುಸಿದು ಸಂದು ಬಿಡುತ್ತದೆ.

ನಮ್ಮಲ್ಲಿ ಆದ ದೊಡ್ಡ ತಪ್ಪು ಗೋಡೆಯಂಚಿನದು. ಬೇಸಿಗೆಯಲ್ಲಿ ಒಣಗಿದ ಹಲಗೆ ಜೂನ್ ಬಂತೆಂದರೆ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ. ಅದಕ್ಕಾಗಿ ಸುತ್ತಲೂ 8ರಿಂದ 10 ಮಿ.ಮೀ. ಜಾಗ ಬಿಟ್ಟು ಸ್ಕರ್ಟಿಂಗ್‌ನಿಂದ (ಗೋಡೆಯ ಬುಡದ ಪಟ್ಟಿಯಿಂದ) ಮುಚ್ಚಬೇಕು. ಅಂದ ಕೆಡುತ್ತದೆಂದು ಕೆಲಸದವರು ಹಲಗೆಯನ್ನು ಗೋಡೆಗೆ ತಾಗಿಸಿಯೇ ಹಾಸಿದರು. ನಾವು ಪಕ್ಕದಲ್ಲೇ ಇದ್ದೆವು, ತಿಳಿಯದೆ ಒಪ್ಪಿದೆವು. ಜುಲೈಯಲ್ಲಿ ಕೆಳಗಿನ ಹಾಲ್‌ನ ನಡುವೆ ನೆಲ ಏಣಿನಂತೆ ಎದ್ದುನಿಂತಿತು. ಆದ್ದರಿಂದ ಕೆಲಸ ನಡೆಯುವ ದಿನ ಅಳತೆಪಟ್ಟಿ ಹಿಡಿದು ನೀವೇ ನಿಲ್ಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಹಾಸಿಸಿ, ಪೆಟ್ಟಿಗೆಗಳನ್ನು 48 ಗಂಟೆ ಮೊದಲೇ ಆ ಕೋಣೆಯಲ್ಲಿ ಮಲಗಿಸಿಡಿ, ಬಾಗಿಲ ಕೆಳಗೆ ಸುಮಾರು 12 ಮಿ.ಮೀ. ಅಂತರ ಇದೆಯೇ ಎಂದು ಬಡಗಿಯನ್ನು ಮೊದಲೇ ಕೇಳಿ.

ಇಷ್ಟೆಲ್ಲ ಹೇಳಿದರೂ ಮಹಡಿಯ ನೆಲದ ಬಗ್ಗೆ ನನಗೆ ನಿಜವಾದ ಪ್ರೀತಿಯಿದೆ. ಮಂಡಿನೋವಿರುವ ನಮ್ಮ ಅತ್ತೆ ಆಟಿಯ (ಮಳೆಗಾಲದ ತುಳು ತಿಂಗಳ) ಚಳಿಯಲ್ಲಿ ಟೈಲ್ಸಿನ ಮೇಲೆ ಬರಿಗಾಲಿಡಲು ಹಿಂಜರಿಯುತ್ತಿದ್ದರು, ಈಗ ಅಲ್ಲಿ ಚಪ್ಪಲಿಯಿಲ್ಲದೆ ಓಡಾಡುತ್ತಾರೆ. ಒರೆಸಲು ಚೆನ್ನಾಗಿ ಹಿಂಡಿದ ಬಟ್ಟೆಯನ್ನೇ ಬಳಸುತ್ತೇವೆ, ಬಕೆಟ್ಟಿನ ನೀರು ಚೆಲ್ಲುವುದಿಲ್ಲ. ಲೆಕ್ಕಕ್ಕಿಂತ ಶೇಕಡಾ 10ರಷ್ಟು ಹೆಚ್ಚು ಕೊಂಡು, ಉಳಿದ ಪೆಟ್ಟಿಗೆಯನ್ನು ಒಣ ಜಾಗದಲ್ಲಿ ಇಟ್ಟುಕೊಳ್ಳಿ; ಮೂರು ವರ್ಷದ ನಂತರ ನಾವು ಹುಡುಕಿದಾಗ ಅದೇ ವಿನ್ಯಾಸದ ಹಲಗೆ ಎಲ್ಲೂ ಸಿಗಲಿಲ್ಲ.